ಭೂಕಂಪದ ಗೆರೆ ಓದುವುದು ಹೇಗೆ?

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ಮಧ್ಯಾಹ್ನ 12 ಗಂಟೆಗೆ ಇನ್ನು ನಾಲ್ಕು ನಿಮಿಷ. ಗೋರ್ಖಾ ಜಿಲ್ಲೆಯ ಬಾರ್‌ಪಾಕ್ ಹಳ್ಳಿಯ ಹತ್ತಿರ ನೆಲದಡಿಯ ಬಂಡೆ ಜಾರಿತು. ತೀವ್ರತೆ 7.8. ಸುಮಾರು 9 ಸಾವಿರ ಜನ ಸತ್ತರು. ಕಠ್ಮಂಡುವಿನಲ್ಲಿ ಸುಮಾರು 60 ಮೀಟರ್ ಎತ್ತರದ ಧರಹರಾ ಗೋಪುರ ಉರುಳಿತು. ಆದರೆ ಅದೇ ಊರಿನ ಎರಡು-ಮೂರು ಅಂತಸ್ತಿನ ಮನೆಗಳು ಎಲ್ಲರೂ ಹೆದರಿದಷ್ಟು ಬೀಳಲಿಲ್ಲ. ವಿಚಿತ್ರ ಅಲ್ವಾ? ಇದರ ಕಾರಣ ಭೂಕಂಪಮಾಪಕದ ಗೆರೆಯಲ್ಲೇ ಇದೆ. ಒಂದು ಕಂಪ್ಯೂಟರ್, ಸ್ವಲ್ಪ ತಾಳ್ಮೆ ಇದ್ದರೆ ನೀವೂ ಓದಬಹುದು.

ಮೊದಲು ದಾಖಲೆ ಇಳಿಸಿಕೊಳ್ಳಿ. ಅಮೆರಿಕದ ಐರಿಸ್ ಎಂಬ ಭೂಕಂಪ ಸಂಶೋಧನಾ ಸಂಸ್ಥೆ ಕೂಡಿಟ್ಟಿದ್ದ ದಾಖಲೆಗಳು ಈಗ ಅರ್ಥ್‌ಸ್ಕೋಪ್ ಹೆಸರಿನಲ್ಲಿ ಬಿಟ್ಟಿ ಸಿಗುತ್ತವೆ. ಗೆರೆ ಬಿಡಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಅಬ್ಸ್‌ಪೈ (ObsPy) ತಂತ್ರಾಂಶ ಸಾಕು. ಎರಡು ಬಗೆಯ ದಾಖಲೆ ಬೇಕು. ಬಂಡೆ ಹೇಗೆ ಜಾರಿತು ಎಂಬ ಮೂಲದ ಕತೆಗೆ ಸಾವಿರಾರು ಕಿಲೋಮೀಟರ್ ದೂರದ ಯಂತ್ರಗಳವು. ಹತ್ತಿರದ ಸೂಕ್ಷ್ಮ ಯಂತ್ರಗಳು ಇಂಥ ಹೊಡೆತಕ್ಕೆ ಮಿತಿ ಮೀರಿ ಗೆರೆ ಕತ್ತರಿಸಿ ಹೋಗುತ್ತವೆ. ನೆಲ ಅಲುಗಿದ ಕತೆಗೆ ಹತ್ತಿರದ್ದೇ ಬೇಕು, ಆದರೆ ಜೋರು ಕಂಪನಕ್ಕೆಂದೇ ಮಾಡಿದ ಯಂತ್ರದ್ದು. ಕಠ್ಮಂಡುವಿನ ಕಾಂತಿಪಥ ರಸ್ತೆಯಲ್ಲಿ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಅಂಥದ್ದೊಂದು ಇತ್ತು.

ಈಗ ದೂರ ಅಳೆಯಿರಿ. ಮೊದಲು ವೇಗದ ಪಿ ಅಲೆ ಬರುತ್ತದೆ, ಹಿಂದೆ ನಿಧಾನದ ಎಸ್ ಅಲೆ. ಮಿಂಚು-ಗುಡುಗಿನ ಲೆಕ್ಕವೇ ಇದು. ಹತ್ತಿರದ ಭೂಕಂಪವಾದರೆ, ಎರಡರ ನಡುವಿನ ಸೆಕೆಂಡನ್ನು 8ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ಬಾರ್‌ಪಾಕ್ ಕಠ್ಮಂಡುವಿನಿಂದ ಸುಮಾರು 80 ಕಿ.ಮೀ.; ಅಂದರೆ ಅಂತರ ಹೆಚ್ಚುಕಡಿಮೆ 10 ಸೆಕೆಂಡ್.

ಭೂಕಂಪದ ಕೇಂದ್ರ ಎಂದು ನಕ್ಷೆಯಲ್ಲಿ ಇಡುವ ಚುಕ್ಕೆಯನ್ನು ಜಾಸ್ತಿ ನಂಬಬೇಡಿ. ಹಳೇ ಪಂಚೆ ಹರಿದ ಹಾಗೆ ಬಂಡೆಯೂ ಒಂದು ಕಡೆ ಶುರುವಾಗಿ ಪರ್ರನೆ ಸೀಳುತ್ತಾ ಹೋಗುತ್ತದೆ. ಚುಕ್ಕೆ ಹೇಳುವುದು ಶುರುವಾದ ಜಾಗ ಮಾತ್ರ. ಸೀಳು ಎತ್ತ ಓಡಿತು ಎಂದು ತಿಳಿಯಲು ಒಂದೇ ಕಡೆ ಹತ್ತಾರು ಯಂತ್ರ ಸಾಲಾಗಿ ನೆಟ್ಟ ತಾಣ ಬೇಕು. ನಮ್ಮ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಅಂಥದ್ದೊಂದಿದೆ, ಅಣುಸ್ಫೋಟ ಪತ್ತೆಗೆಂದು ಎಲ್ ಆಕಾರದಲ್ಲಿ ನೆಟ್ಟದ್ದು. ಅಲೆ ಯಾವ ಯಂತ್ರಕ್ಕೆ ಎಷ್ಟು ಮೊದಲು ಮುಟ್ಟಿತು ಎಂಬುದರಿಂದ ಅದು ಬಂದ ದಿಕ್ಕು ಸಿಗುತ್ತದೆ. ಸೆಕೆಂಡ್ ಸೆಕೆಂಡಿಗೂ ಹೀಗೆ ಹಿಂದಕ್ಕೆ ಲೆಕ್ಕ ಹಾಕಿದರೆ ಸೀಳಿನ ಓಟವೇ ಕಾಣುತ್ತದೆ. ನೇಪಾಳದ್ದು ಪೂರ್ವಕ್ಕೆ ಓಡಿತು, ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ, ಸುಮಾರು 140 ಕಿ.ಮೀ. ದೂರ. ಕಠ್ಮಂಡು ಆ ದಾರಿಯಲ್ಲೇ ಇತ್ತು.

ತೀವ್ರತೆಯನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಸೀಳಿನ ಉದ್ದ 140 ಕಿ.ಮೀ., ಅಗಲ 50 ಕಿ.ಮೀ., ಸರಾಸರಿ ಜಾರಿದ್ದು 3 ಮೀಟರ್, ಬಂಡೆಯ ಬಿಗಿತ 30 ಗಿಗಾಪಾಸ್ಕಲ್ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಮೀಟರ್, ಪಾಸ್ಕಲ್‌ಗೆ ತಂದು ಗುಣಿಸಿ, ಹತ್ತರ ಲಾಗ್ ತೆಗೆದರೆ 20.8. ಅದರಲ್ಲಿ 9.1 ಕಳೆದು, ಮೂರರಲ್ಲಿ ಎರಡು ಪಾಲು ತೆಗೆಯಿರಿ: 7.8. ಪತ್ರಿಕೆಗಳಲ್ಲಿ ನಾವು ಸುಮ್ನೆ ಅಭ್ಯಾಸಕ್ಕೆ ರಿಕ್ಟರ್ ಎಂದು ಬರೆಯುತ್ತೇವೆ. ಇದು ರಿಕ್ಟರ್ ಅಲ್ಲ, ಸೀಳಿನ ಗಾತ್ರ, ಜಾರಿದ ದೂರ, ಬಂಡೆಯ ಬಿಗಿತದಿಂದ ಲೆಕ್ಕ ಹಾಕುವ ಮೊಮೆಂಟ್ ಮಾಪನ.

ಇನ್ನು ಕಾಂತಿಪಥದ ಗೆರೆ. ಅದರಲ್ಲಿ ಇರುವುದು ವೇಗೋತ್ಕರ್ಷ. ಗರಿಷ್ಠ ಮಟ್ಟ ಗುರುತ್ವದ ಸುಮಾರು ಶೇ 16 ಮಾತ್ರ, ಇಂಥ ಭೂಕಂಪಕ್ಕೆ ತೀರಾ ಕಡಿಮೆ. ಇಲ್ಲೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಅದನ್ನು ಒಮ್ಮೆ ಇಂಟಿಗ್ರೇಟ್ ಮಾಡಿದರೆ, ಅಂದರೆ ಕ್ಷಣಕ್ಷಣದ ಬೆಲೆ ಕೂಡಿಸುತ್ತಾ ಹೋದರೆ ವೇಗ, ಎರಡು ಸಲ ಮಾಡಿದರೆ ನೆಲ ಸರಿದ ದೂರ. ಎಚ್ಚರ: ಗೆರೆ ಶುರುವಿನಲ್ಲಿ ಸೊನ್ನೆಯಿಂದ ಕೂದಲೆಳೆಯಷ್ಟು ಆಚೀಚೆ ಇದ್ದರೂ ಎರಡನೇ ಸಲಕ್ಕೆ ಅದು ಬೆಳೆದು, ಕಠ್ಮಂಡು ಎಲ್ಲೋ ದೂರ ಹೋದಂತೆ ತೋರಿಸುತ್ತದೆ! ಅಲೆ ಬರುವ ಮುಂಚಿನ ಕೆಲವು ಸೆಕೆಂಡಿನ ಸರಾಸರಿ ಕಳೆದೇ ಮುಂದುವರಿಯಿರಿ. ಸರಿ ಬಂತೋ ಎಂದು ಜಿಪಿಎಸ್ ಜೊತೆ ಹೋಲಿಸಿ. ನಗರದ ಪಕ್ಕದ ಕಕನಿ ಬೆಟ್ಟದ ಮೇಲಿನ ಜಿಪಿಎಸ್ ದಕ್ಷಿಣಕ್ಕೆ ಸುಮಾರು 2 ಮೀಟರ್ ಸರಿದು, ಒಂದು ಮೀಟರ್‌ಗೂ ಜಾಸ್ತಿ ಮೇಲೆದ್ದಿತ್ತು.

ಕೊನೆಗೆ ಗೆರೆಯನ್ನು ಆವರ್ತನಗಳಾಗಿ ಬಿಡಿಸಿ. ಯಾವ ತಾಳದ ತೂಗಾಟ ಎಷ್ಟು ಜೋರು ಎಂದು ಅದು ತೋರಿಸುತ್ತದೆ. ಒಂದು ತೂಗಾಟಕ್ಕೆ ಸುಮಾರು 5 ಸೆಕೆಂಡ್ ಹಿಡಿಯುವ ಜಾಗದಲ್ಲಿ ದೊಡ್ಡ ಗುಡ್ಡ ಕಾಣುತ್ತದೆ. ಕಠ್ಮಂಡು ಹಳೆಯ ಕೆರೆಯಂಗಳ. ಬಟ್ಟಲಿನಲ್ಲಿಟ್ಟ ಮೊಸರಿನಂತೆ ಅದರ ಮೆತ್ತನೆ ಮಣ್ಣು ನಿಧಾನವಾಗಿ ತೂಗಿತು. ಎರಡು-ಮೂರು ಅಂತಸ್ತಿನ ಮನೆಯ ತೂಗಾಟಕ್ಕೆ ಸೆಕೆಂಡಿನ ಕಾಲು ಭಾಗ ಸಾಕು. ಜೋಕಾಲಿಯನ್ನು ತಾಳ ತಪ್ಪಿ ನೂಕಿದರೆ ಏರುವುದಿಲ್ಲವಲ್ಲ, ಹಾಗೇ ಆಯಿತು. ಎತ್ತರ ಹೆಚ್ಚಿದಷ್ಟೂ ಕಟ್ಟಡದ ತಾಳ ನಿಧಾನ, ನೆಲದ ತಾಳಕ್ಕೆ ಹತ್ತಿರ. ಬೆಟ್ಟದ ಹಳ್ಳಿಗಳ ಕಲ್ಲು-ಮಣ್ಣಿನ ಮನೆಗಳಿಗೆ ಮಾತ್ರ ಈ ಅದೃಷ್ಟ ಇರಲಿಲ್ಲ. ಸಿಂಧುಪಾಲ್ಚೋಕ್‌ನಲ್ಲಿ ಊರಿಗೆ ಊರೇ ಕುಸಿಯಿತು.

ಮೇ 12ರಂದು 7.3ರ ಇನ್ನೊಂದು ಕಂಪನ ಆಯಿತು. ಅದೇ ಯಂತ್ರದಲ್ಲಿ ಅದರ ಗೆರೆಯೂ ಇದೆ. ಎರಡನ್ನೂ ಒಂದರ ಮೇಲೊಂದಿಟ್ಟು, ಆ 5 ಸೆಕೆಂಡಿನ ಗುಡ್ಡ ಎಷ್ಟಿದೆ ನೋಡಿ.