ಮರಗಸಿಯಿಂದ ಸಾಲದ ಕಡತಕ್ಕೆ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಅಪ್ಪ ರೈಟರ್, ಅಂದರೆ ಕೆಲಸದ ಮೇಲ್ವಿಚಾರಕ, ಆಗಿದ್ದರು. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಸಮಯದಲ್ಲಿ, ಯಾವ ಕೊಂಬೆ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ತೋರಿಸಲು ಹೊರಟರೆ ನಾನೂ ಬೆನ್ನು ಹತ್ತುತ್ತಿದ್ದೆ. ಹೊನ್ನೆ, ಮತ್ತಿ, ನಂದಿ, ಅತ್ತಿ ಎಲ್ಲ ಪರಿಚಯವಾದದ್ದು ಹಾಗೆ. ಸಿಲ್ವರ್ ಓಕ್ ಮಾತ್ರ ನನಗೆ ಇಂದಿಗೂ ಹಿಡಿಸುವುದಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುತ್ತದೆ, ನಿಜ. ಆದರೆ ಅತ್ತಿ ಮರದಲ್ಲಿ ನೆರೆಯುವ ಹಕ್ಕಿಗಳ ಸಂತೆ ಅಲ್ಲಿಲ್ಲ.

ಸಸ್ಯಶಾಸ್ತ್ರ ಓದಿದೆ. ಮನೆಗೆ ಸಂಬಳ ಬೇಕಿತ್ತು, ಬ್ಯಾಂಕ್ ಪರೀಕ್ಷೆ ಬರೆದೆ. ಕಾಡು ತಪ್ಪಿತು ಎಂದುಕೊಂಡಿದ್ದೆ. ಬೆಳೆ ಸಾಲದ ಕಡತಗಳಲ್ಲಿ ಅದೇ ಮತ್ತೆ ಎದುರಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ಕಂತು ಬರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಕಣದಲ್ಲಿ ಹರವಿದ ಕಾಫಿ ನೆನೆಯುತ್ತದೆ, ಕಂತು ನಿಲ್ಲುತ್ತದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ತೋಟಗಳೇ ಕೊಚ್ಚಿಹೋದವು. ಅಡವಿಟ್ಟ ಜಮೀನೇ ಹಳ್ಳದ ಪಾಲಾದ ಮೇಲೆ ಕಂತು ಕೇಳುವುದು ಯಾರನ್ನು? ಹವಾಮಾನ ಹಣಕಾಸು, ಅಂದರೆ ಹವಾಮಾನ ಬದಲಾವಣೆಯನ್ನು ಎದುರಿಸಲು ಒದಗಿಸುವ ಹಣ, ಎಂಬ ಮಾತು ನನಗೆ ಅರ್ಥವಾದದ್ದು ಆ ವರ್ಷ. ಅದಕ್ಕೆ ಮೊದಲು ಅದು ಕರಪತ್ರದಲ್ಲಿ ಕಂಡ ಪದ, ಅಷ್ಟೆ.

ಕೆಲಸ ಬಿಟ್ಟು, ಮರಗಳು ಹಿಡಿದಿಡುವ ಇಂಗಾಲವನ್ನು ಅಳೆದು ಬೆಳೆಗಾರರಿಗೆ ಹಣ ತರುವ ಕಾರ್ಬನ್ ಯೋಜನೆ ರೂಪಿಸುವ ಸಣ್ಣ ತಂಡವೊಂದನ್ನು ಸೇರಿದೆ. ಕೈಗೆ ಬಂದದ್ದು ಟೇಪು. ಎದೆಯೆತ್ತರದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಮೇಲೆ, ಮರದ ಸುತ್ತಳತೆ ಹಿಡಿಯಬೇಕು. ಅದರಿಂದ ಒಣ ತೂಕ ಅಂದಾಜಿಸುತ್ತೇವೆ. ಆ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಅದನ್ನು 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್. ಒಂದು ಟನ್ನಿಗೆ ಒಂದು ಕ್ರೆಡಿಟ್, ಅಂದರೆ ಮಾರಬಹುದಾದ ಒಂದು ಪ್ರಮಾಣಪತ್ರ. ಲೆಕ್ಕ ಇಷ್ಟೇ. ಕಷ್ಟವಿರುವುದು ಲೆಕ್ಕದಲ್ಲಲ್ಲ.

ಒಬ್ಬ ಹಿರಿಯ ಬೆಳೆಗಾರರು ಮೂರು ತಲೆಮಾರು ಉಳಿಸಿಕೊಂಡ ಮರಗಳನ್ನು ತೋರಿಸಿದರು. ಅವಕ್ಕೆ ಕ್ರೆಡಿಟ್ ಸಿಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಯೋಜನೆಯ ಹಣ ಬಂದದ್ದರಿಂದಲೇ ಹೆಚ್ಚಾದ ಇಂಗಾಲಕ್ಕೆ ಮಾತ್ರ ಬೆಲೆ. ಮೊದಲೇ ನಿಂತಿರುವ ಮರಕ್ಕೆ ಇಲ್ಲ.

"ಅಲ್ಲಮ್ಮಾ, ಕಡಿದು ಮತ್ತೆ ನೆಟ್ಟರೆ ಕೊಡುತ್ತಾರೋ?"

"ಅದೂ ಇಲ್ಲ ಸಾರ್. ಕಾಡು ಮರ ಕಡಿದ ಜಾಗವನ್ನು ಹತ್ತು ವರ್ಷ ಸೇರಿಸಿಕೊಳ್ಳುವುದಿಲ್ಲ."

"ಅಂದರೆ ಉಳಿಸಿದವನಿಗೂ ಇಲ್ಲ, ಕಡಿದವನಿಗೂ ಇಲ್ಲ." ಅವರು ನಕ್ಕರು. ನನಗೆ ನಗು ಬರಲಿಲ್ಲ. ನಿಯಮದ ಹಿಂದಿನ ತರ್ಕ ಸರಿಯಾಗಿಯೇ ಇದೆ, ಆದರೆ ಆ ಅಂಗಳದಲ್ಲಿ ಅದನ್ನು ಸಮರ್ಥಿಸಲು ನನಗೆ ಬಾಯಿ ಬರಲಿಲ್ಲ.

ಈಗ ನಾನು ಹೆಚ್ಚಾಗಿ ಮಾಡುವುದು ಸಾಲದ ಷರತ್ತು ಬರೆಯುವ ಕೆಲಸ. ಹೂಮಳೆ ಕೈಕೊಟ್ಟರೆ ತುಂತುರು ನೀರಾವರಿಗೆ ಕೆರೆ, ಬೋಳಾದ ಅಂಚಿಗೆ ಊರಿನ ಮರಗಳ ಸಸಿ, ಮರುಪಾವತಿಗೆ ದೀರ್ಘ ಅವಧಿ. ಬ್ಯಾಂಕಿನವರನ್ನು ಒಪ್ಪಿಸಲು ಹಳೆಯ ಕಡತಗಳ ಭಾಷೆ ನೆರವಿಗೆ ಬರುತ್ತದೆ. ಮರದ ಮೇಲಿನ ಪ್ರೀತಿಯನ್ನು ಹೇಳಿಕೊಂಡರೆ ಅಲ್ಲಿ ಯಾರೂ ಸಹಿ ಹಾಕುವುದಿಲ್ಲ. ಆ ಹಿರಿಯರಿಗೆ ಕೆರೆಯ ಸಾಲ ಸಿಕ್ಕಿತು. ಕಂತನ್ನು ಕೊಯ್ಲು ಮುಗಿದು ಕಾಫಿ ಮಾರಿದ ಮೇಲಕ್ಕೆ, ಮಾರ್ಚ್‌ಗೆ ಇಟ್ಟಿದ್ದೇವೆ. ಅಂಚಿಗೆ ಅವರು ನೆಟ್ಟ ಸಸಿಗಳಲ್ಲಿ ಅರ್ಧ ಸಿಲ್ವರ್ ಓಕ್.