ಹವಳ ಬಿಳಿಚುವ ಮೊದಲೇ ಗೊತ್ತಾಗುತ್ತದೆ: ಮನೆಯಲ್ಲೇ ಕೂತು ಲೆಕ್ಕ ಇಡುವುದು ಹೇಗೆ?

ಏಪ್ರಿಲ್ ಕೊನೆಗೆ ಪಣಂಬೂರಿನಲ್ಲಿ ಸಂಜೆಯಾದರೂ ಸೆಕೆ ಬಿಡುವುದಿಲ್ಲ. ಗಾಳಿ ಇಲ್ಲ, ಕಡಲು ಎಣ್ಣೆ ಹೊಯ್ದ ಹಾಗೆ ಸಪಾಟು. ನಮಗೆ ಬೆವರಿನ ಕಾಟ ಅಷ್ಟೇ, ಆದರೆ ಲಕ್ಷದ್ವೀಪದ ಹವಳಗಳಿಗೆ ಇಂಥ ದಿನಗಳು ಜೀವಕ್ಕೇ ಬರುತ್ತವೆ. ನಮ್ಮ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ, ಅಂದರೆ ಮರದ ಸರಕು ದೋಣಿಗಳಲ್ಲಿ, ಸಾಮಾನು ಹೋಗುವುದು ಆ ದ್ವೀಪಗಳಿಗೇ ಅಲ್ವಾ? ಇತ್ತ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲೂ ಹವಳ ಇದೆ.

ಹವಳದ ಮೈಯೊಳಗೆ ಸಣ್ಣ ಪಾಚಿ ವಾಸ ಮಾಡುತ್ತದೆ. ಹವಳಕ್ಕೆ ಬಣ್ಣ ಬರುವುದು ಅದರಿಂದ, ಊಟದ ಹೆಚ್ಚಿನ ಪಾಲು ಕೊಡುವುದೂ ಅದೇ. ನೀರು ತುಂಬಾ ದಿನ ಬಿಸಿಯಾಗಿದ್ದರೆ ಹವಳ ಈ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿತು ಅಂದರೆ ಸತ್ತಿತು ಅಂತಲ್ಲ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಮುಂಚೆ ತಿಳಿಯುವುದು ಮುಖ್ಯ.

ಮೊದಲು ನೀವು ನೋಡುವ ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳಲ್ಲಿ ಕಡಲ ನೀರಿನ ಸರಾಸರಿ ಉಷ್ಣಾಂಶ ಎಷ್ಟು ಅಂತ ಬರೆದುಕೊಳ್ಳಿ. ಅಮೆರಿಕದ ನೋವಾ ಸಂಸ್ಥೆಯ ಕೋರಲ್ ರೀಫ್ ವಾಚ್ ಪುಟದಲ್ಲಿ ಇದು ಪುಕ್ಕಟೆ ಸಿಗುತ್ತದೆ, ಉಪಗ್ರಹ ಅಳೆದ ದಿನದಿನದ ಉಷ್ಣಾಂಶವೂ ಅಲ್ಲೇ ಇದೆ. ಹಗಲಿನ ಬಿಸಿಲಿಗೆ ಮೇಲಿನ ತೆಳು ಪದರ ಮಾತ್ರ ಕಾದು ಲೆಕ್ಕ ತಪ್ಪುತ್ತದೆ ಅಂತ ಅವರು ರಾತ್ರಿಯ ಉಷ್ಣಾಂಶವನ್ನೇ ಹಿಡಿಯುತ್ತಾರೆ. ಹಾಗಾಗಿ ಬೀಚಿನಲ್ಲಿ ಬಕೆಟ್ ಅದ್ದಿ ಅಳೆದರೆ ಪ್ರಯೋಜನವಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಕೂಡ ಹವಳದ ಎಚ್ಚರಿಕೆ ಕೊಡುತ್ತದೆ. ಮೀನು ಎಲ್ಲಿ ಸಿಗಬಹುದು ಅಂತ ಮಲ್ಪೆಯ, ನಮ್ಮ ದಕ್ಕೆಯ ಬೋಟಿನವರಿಗೆ ಹೇಳುವ ಸಂಸ್ಥೆಯೂ ಅದೇ.

ಇನ್ನು ಲೆಕ್ಕ. ಆ ಸರಾಸರಿ 30 ಡಿಗ್ರಿ ಅಂತಿಟ್ಟುಕೊಳ್ಳಿ. 30.8 ಆದರೆ ಲೆಕ್ಕಕ್ಕೆ ಹಿಡಿಯಬೇಡಿ, 31 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸರಾಸರಿಗಿಂತ ಎಷ್ಟು ಮೇಲೆ ಅಂತ ಬರೆಯಿರಿ. 2 ಡಿಗ್ರಿ ಜಾಸ್ತಿ 3 ವಾರ ಇತ್ತು ಅಂದರೆ 2 ಗುಣಿಸು 3, ಒಟ್ಟು 6. ಇದಕ್ಕೆ ಡಿಗ್ರಿ ಹೀಟಿಂಗ್ ವೀಕ್ ಅನ್ನುತ್ತಾರೆ. ಹಿಂದಿನ 12 ವಾರಗಳದ್ದನ್ನು ಮಾತ್ರ ಕೂಡಿಸಬೇಕು. ಮೊತ್ತ 4 ಮುಟ್ಟಿದರೆ ಬಿಳಿಚುವುದು ಶುರುವಾಗಬಹುದು, 8 ದಾಟಿದರೆ ಹವಳ ಸಾಯುವ ಭಯ. ನನಗೆ ಈ ಲೆಕ್ಕ ಇಷ್ಟವಾಗುವುದು ಯಾಕೆಂದರೆ ಒಂದು ದಿನದ ಝಳಕ್ಕೆ ಇದು ಗಾಬರಿಯಾಗುವುದಿಲ್ಲ, ಜ್ವರ ಎಷ್ಟಿದೆ ಅನ್ನುವುದರ ಜೊತೆಗೆ ಎಷ್ಟು ದಿನದಿಂದ ಇದೆ ಅಂತಲೂ ಕೇಳುತ್ತದೆ.

ಆದರೆ ಮೊತ್ತ ಹೇಳುವುದು ಆಗಿಹೋದ ಬಿಸಿಯನ್ನು. ಮುಂದಿನದಕ್ಕೆ ಗಾಳಿ, ಮೋಡ ನೋಡಿ. ಗಾಳಿ ಬೀಸಿದರೆ ಕೆಳಗಿನ ತಣ್ಣನೆ ನೀರು ಮೇಲಿನದರ ಜೊತೆ ಬೆರೆಯುತ್ತದೆ. ಮೋಡ ಕವಿದರೆ ಬಿಸಿಲಿನ ಹೊಡೆತ ತಗ್ಗುತ್ತದೆ. ಮೊತ್ತ 3 ಇದ್ದು, ಮುಂದಿನ ವಾರವೂ ಗಾಳಿ ಇಲ್ಲ, ಮೋಡ ಇಲ್ಲ ಅಂತ ಮುನ್ಸೂಚನೆ ಇದ್ದರೆ ಆಗಲೇ ಎಚ್ಚರಾಗಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆ ದಿನ ಜೂನ್ 1. ಅದು ತಡವಾದಷ್ಟೂ ಮೊತ್ತ ಏರುತ್ತದೆ. ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ, ಇದ್ದರಂತೂ ಫೆಬ್ರವರಿಯಿಂದಲೇ ನೋಟ್‌ಬುಕ್ ತೆರೆಯಿರಿ. ಲಕ್ಷದ್ವೀಪದ ಹವಳ ಜೋರಾಗಿ ಬಿಳಿಚಿದ 1998, 2010, 2016, 2024 ಎಲ್ಲವೂ ಎಲ್ ನಿನೊ ಬೆನ್ನಿಗೇ ಬಂದ ಬೇಸಿಗೆಗಳು.

ಕೊನೆಗೆ ಕಣ್ಣಾರೆ ನೋಡಲೇಬೇಕು, ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಮೈ ಅಷ್ಟೇ. ಮೊತ್ತ 4ರ ಹತ್ತಿರ ಬಂದಾಗ ನೇತ್ರಾಣಿಗೆ ಡೈವಿಂಗ್ ಹೋಗುವ ಗೆಳೆಯರಿಗೆ ಒಂದು ಮೆಸೇಜ್ ಹಾಕಿ. ಹವಳ ಮುಟ್ಟಬೇಡಿ, ಅದರ ಮೇಲೆ ಲಂಗರು ಬೀಳದ ಹಾಗೆ ನೋಡಿಕೊಳ್ಳಿ ಅಂತ ದಯವಿಟ್ಟು ಹೇಳಿ, ಬಳಲಿದ ಜೀವಕ್ಕೆ ಇನ್ನೊಂದು ಪೆಟ್ಟು ಬೇಡ. ಫೋಟೊ ತೆಗೆದರೆ ತಾರೀಖು, ಆಳ ಎರಡೂ ಬರೆದಿಡಲಿ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಅದೇ ಹವಳದ ಫೋಟೊ ಮತ್ತೆ ತೆಗೆಯಲಿ. ಬಣ್ಣ ಮರಳಿತೋ, ಇಲ್ಲ ಸತ್ತ ಹವಳದ ಮೇಲೆ ಪಾಚಿ ಬೆಳೆಯಿತೋ, ಎರಡೂ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ.