ವೀಲ್‌ಚೇರ್‌ನಲ್ಲಿ ಶ್ರೀರಂಗಪಟ್ಟಣದ ಕೋಟೆ

ಚಿತ್ರದುರ್ಗದ ಹಾಗೆ ಇಲ್ಲಿ ಬೆಟ್ಟ ಹತ್ತಬೇಕಿಲ್ಲ. ಕಾವೇರಿ ಬಳಸಿದ ದ್ವೀಪ, ನೆಲ ಬಹುಪಾಲು ಸಮ, ಕೋಟೆಯೊಳಗೂ ಕಾರು, ಆಟೊ ಓಡಾಡುತ್ತವೆ. ಅಡ್ಡ ಬರುವುದು ಕಟ್ಟಡಗಳ ಮುಂದಿನ ಮೆಟ್ಟಿಲು. ಹಾಗಾಗಿ ಎತ್ತಿಸಿಕೊಳ್ಳುವ ಶ್ರಮವನ್ನು ಒಂದೇ ಜಾಗಕ್ಕೆ ಉಳಿಸಿಕೊಳ್ಳಿ.

1799ರ ಮೇ 4ರಂದು ಟಿಪ್ಪುವಿನ ಈ ಕೋಟೆಗೆ ಬ್ರಿಟಿಷರು ನುಗ್ಗಿದ್ದು ಮಳೆಗೆ ಹೊಳೆ ತುಂಬುವ ಮುಂಚೆ. ಅವರಿಗೆ ಒದಗಿದ ಮೇ ನಿಮಗೆ ಬೇಡ. ಚಕ್ರ ತಿರುಗಿಸುವ ಸ್ಟೀಲ್ ಬಳೆ ಮುಟ್ಟಲಾಗದಷ್ಟು ಕಾಯುತ್ತದೆ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಬೆವರು ಸರಿಯಾಗಿ ಬಾರದೆ ಮೈ ಕಾವೇರುತ್ತದೆ. ನವೆಂಬರ್‌ನಿಂದ ಫೆಬ್ರುವರಿಯ ಬೆಳಗಿನ ಹೊತ್ತು ಒಳ್ಳೆಯದು. ಗ್ಲೌಸ್, ನೀರಿನ ಸ್ಪ್ರೇ ಬಾಟಲಿ, ಪಂಪು, ಪಂಕ್ಚರ್ ಪ್ಯಾಚು ಜೊತೆಗಿರಲಿ. ಮೈಸೂರಿನಿಂದ ಬರುವವರಿಗೆ ಸುಮಾರು 15 ಕಿ.ಮೀ. ದಾರಿ; ಶೌಚವನ್ನು ಅಲ್ಲೇ ಮುಗಿಸಿ ಹೊರಡಿ.

ಗೋಡೆ ಒಡೆದ ವಾಯವ್ಯ ಮೂಲೆಯ ಸ್ಮಾರಕ ಸ್ತಂಭವನ್ನೂ ಟಿಪ್ಪುವಿನ ದೇಹ ಸಿಕ್ಕ ಜಾಗವನ್ನೂ ಮೊದಲು ನೋಡಿ. ಜಲ್ಲಿಯಲ್ಲೋ ಕಲ್ಲುಸಂದಿಯಲ್ಲೋ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಂಡರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಥಲ್ಲಿ ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಎಳೆಯಬೇಕು.

ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿಯ ಹೆಸರಿನ ಸೆರೆಮನೆ ತಗ್ಗಿನಲ್ಲಿದೆ, ಮೆಟ್ಟಿಲಿಳಿಯಬೇಕು. ನಮ್ಮ ಸಲಹೆ ಕೇಳಿದರೆ ಅದನ್ನು ಬಿಟ್ಟು, ಕೋಟೆಯಾಚೆಯ ದರಿಯಾ ದೌಲತ್‌ಗೆ, ಅಂದರೆ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋಗಿ. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕಾಳಗದ ಚಿತ್ರ ಪಡುವಣ ಗೋಡೆಯ ಮೇಲಿದೆ. ಪಲ್ಲಕ್ಕಿಯಲ್ಲಿ ಕೂತಿರುವ ಗಾಯಾಳು ಇದೇ ಬೈಲಿ, ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ. ತೋಟದ ದಾರಿ ಸಲೀಸು. ಆದರೆ ಜಗಲಿಗೆ ಪರದೆ ಇಳಿಬಿಟ್ಟಿರುವುದರಿಂದ ಕೆಳಗಿನಿಂದ ಚಿತ್ರ ಕಾಣದು, ಮೇಲೇರಲೇಬೇಕು.

ಏರುವಾಗ ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗಿರಲಿ. ಬೆಲ್ಟ್ ಬಿಗಿದು, ಬ್ರೇಕ್ ಬಿಟ್ಟು, ಹಿಂದಕ್ಕೆ ವಾಲಿಸಿ. ಗಟ್ಟಿಮುಟ್ಟಾದವರೊಬ್ಬರು ಮೇಲಿನಿಂದ ಹಿಡಿಕೆ ಎಳೆಯಲಿ, ಇನ್ನೊಬ್ಬರು ಕೆಳಗಿನಿಂದ ಚೌಕಟ್ಟನ್ನು ಹಿಡಿದು ಒತ್ತಲಿ. ದೊಡ್ಡ ಚಕ್ರ ಒಂದೊಂದೇ ಮೆಟ್ಟಿಲೇರುತ್ತದೆ. ಅನಾಹುತಕ್ಕೆ ಸಾಮಾನ್ಯ ಕಾರಣ ಎರಡು: ಸಹಾಯಕ್ಕೆ ಬಂದವರು ಕಾಲಿಡುವ ಹಲಗೆಯನ್ನೋ ಕೈಯಿಡುವ ಪಟ್ಟಿಯನ್ನೋ ಹಿಡಿಯುತ್ತಾರೆ, ಅದು ಕಳಚಿ ಕೈಗೆ ಬರುತ್ತದೆ, ಇಲ್ಲವೇ ಹಿಡಿಕೆಯ ರಬ್ಬರ್ ಜಾರುತ್ತದೆ. ರಬ್ಬರನ್ನು ಮನೆಯಲ್ಲೇ ಎಳೆದು ನೋಡಿ. ಇಳಿಯುವಾಗಲೂ ಇಬ್ಬರೂ ಅದೇ ಜಾಗದಲ್ಲಿ, ಕುರ್ಚಿ ಹಿಂದಕ್ಕೆ ವಾಲಿಯೇ ಇರಬೇಕು. ಬ್ಯಾಟರಿ ಕುರ್ಚಿಯನ್ನು ಹೀಗೆ ಎತ್ತಲು ಹೋಗಬೇಡಿ, ಭಾರ ತಡೆಯದು. ಈ ಪ್ರವಾಸಕ್ಕೆ ಕೈಯಿಂದ ನಡೆಸುವ, ಮಡಚುವ ಕುರ್ಚಿಯನ್ನೇ ತನ್ನಿ.

ರಂಗನಾಥಸ್ವಾಮಿ ದರ್ಶನವೂ ಬೇಕಿದ್ದರೆ ಶನಿವಾರ, ಭಾನುವಾರ ತಪ್ಪಿಸಿ.